ಎವಾಂಥಿಯಾಳ ಕೊನೆಯ ಬಣ್ಣ

ಈಸ್ಟರ್‌ಗೆ ಮೊದಲು ದೋಣಿಗಳನ್ನು ದಡಕ್ಕೆಳೆದು, ಪಾಚಿ ಕೆರೆದು, ಬಣ್ಣ ಹಚ್ಚುವುದು ನಮ್ಮ ಲೆಸ್ವೋಸ್ ದ್ವೀಪದ ರೂಢಿ. ಆ ವರ್ಷವೂ ನನ್ನ ತಮ್ಮ ಸ್ತ್ರಾತಿಸ್ ಎರಡು ದಿನ ಕೂತು ತನ್ನ ದೋಣಿ ‘ಎವಾಂಥಿಯಾ’ಗೆ ನೀಲಿ ಬಳಿದ. ಅದು ನಮ್ಮ ಅಮ್ಮನ ಹೆಸರು. ಹಬ್ಬ ಕಳೆದ ಗುರುವಾರ ಆ ದೋಣಿಯನ್ನು ಒಡೆಯುವುದಿತ್ತು.

ಸಮುದ್ರದಲ್ಲಿ ಮೀನು ಕಡಿಮೆಯಾಗಿದೆಯೆಂದು, ಪರವಾನಗಿ ಹಿಂದಿರುಗಿಸುವವರಿಗೆ ಯುರೋಪಿಯನ್ ಒಕ್ಕೂಟ ಪರಿಹಾರ ಕೊಡುತ್ತಿತ್ತು. ದೋಣಿ ಮಾತ್ರ ಮಾಲೀಕನ ಕಣ್ಣೆದುರೇ ಪುಡಿಯಾಗಬೇಕು. ಆಚೆ ಸಮುದ್ರವನ್ನೇ ಬಾಚುವ ದೊಡ್ಡ ಹಡಗುಗಳನ್ನು ಕೇಳುವವರಿರಲಿಲ್ಲ. ಸ್ತ್ರಾತಿಸನ ಮಗ, ಸೊಸೆ ಇಬ್ಬರಿಗೂ ಕೆಲಸ ಹೋಗಿತ್ತು. ನನ್ನ ಪಿಂಚಣಿ ಎರಡು ಸಲ ಕಡಿತವಾಗಿತ್ತು. ಅವನು ಒಪ್ಪಿಕೊಂಡ.

ಬುಧವಾರ ಪಕ್ಕದವರ ದೋಣಿ ಒಡೆಯಲು ಅರ್ಧ ಗಂಟೆ ಹಿಡಿದಿತ್ತು. ಏಟು ಬಿದ್ದಾಗಲೆಲ್ಲ ಮರ ನರಳುತ್ತಿತ್ತು.

“ಅಕ್ಕ, ಅಷ್ಟು ಹೊತ್ತು ನಿಂತು ನೋಡೋಕೆ ನನ್ ಕೈಲಾಗಲ್ಲ,” ಎಂದಿದ್ದ ಸ್ತ್ರಾತಿಸ್. “ಬೇಗ ಮುಗಿದ್ರೆ ಸಾಕು.”

ಗುರುವಾರ ಅಥೆನ್ಸಿನಿಂದ ಬಂದಿದ್ದ ಅಧಿಕಾರಿ ದೋಣಿ ನೋಡಿ ನಕ್ಕ. “ಏನ್ ತಾತ, ಒಡೆಯೋ ದೋಣಿಗೆ ಯಾರಾದ್ರೂ ಬಣ್ಣ ಹೊಡೀತಾರಾ?”

“ನಿಮ್ಮನ್ನ ಹೂಳೋವಾಗ ಹರಕು ಅಂಗಿ ಹಾಕಿ ಕಳಿಸ್ತಾರಾ ಸ್ವಾಮಿ?” ಎಂದ ಸ್ತ್ರಾತಿಸ್.

ಅಧಿಕಾರಿ ಕಾಗದಗಳತ್ತ ತಿರುಗಿದ.

ಅಂದು ಬುಲ್ಡೋಜರ್ ನಡೆಸಲು ಬಂದವನು ಆ ಕೆಲಸಕ್ಕೆ ಹೊಸಬ, ನನ್ನ ಹಳೆಯ ವಿದ್ಯಾರ್ಥಿ ಇಗ್ನಾತಿಸ್. ಎವಾಂಥಿಯಾಳನ್ನು ಕಟ್ಟಿದ್ದೇ ಅವನಪ್ಪ. ಮಗನೂ ಅದೇ ಕಸುಬು ಕಲಿತಿದ್ದ. ದೋಣಿ ಕಟ್ಟಿಸುವವರಿಲ್ಲದೆ ಅವರ ಕೆಲಸದ ಶೆಡ್ಡು ಮುಚ್ಚಿ ಮೂರು ವರ್ಷವಾಗಿತ್ತು. ಊರಲ್ಲಿ ಈಗ ಸಿಗುತ್ತಿದ್ದ ಕೆಲಸ ಇದೊಂದೇ.

ಅವನು ಯಂತ್ರದಿಂದ ಇಳಿದು ಟೋಪಿ ತೆಗೆದ. ದೋಣಿಯ ಸುತ್ತ ಒಂದು ಸುತ್ತು ಬಂದು, ಹಲಗೆ ತಟ್ಟಿ, ಒಂದು ಕಡೆ ಕಿವಿಯಿಟ್ಟು ಕೇಳಿದ.

“ಏನೋ ಹುಡುಕ್ತಿದ್ದೀಯ?” ಎಂದೆ.

“ಭಾರ ಎಲ್ಲ ಎಲ್ಲಿ ನಿಲ್ಲುತ್ತೆ ಅಂತ ಅಪ್ಪ ತೋರಿಸಿಕೊಟ್ಟಿದ್ರು ಟೀಚರ್. ಅಲ್ಲಿಗೇ ಏಟು ಕೊಡ್ತೀನಿ.” ಆಮೇಲೆ ನನ್ನ ತಮ್ಮನ ಕಡೆ ತಿರುಗಿದ. “ಮಾವ, ಜಾಸ್ತಿ ಹೊತ್ತಾಗಲ್ಲ.”

ಒಂದೇ ಏಟು. ಎವಾಂಥಿಯಾ ನರಳಲಿಲ್ಲ. ಎರಡೂ ಪಕ್ಕೆ ಬಿಚ್ಚಿಕೊಂಡು ಮರಳ ಮೇಲೆ ಮಲಗಿದಳು. ಒಳಗಿನ ಮರ ಇನ್ನೂ ಗಟ್ಟಿಯಾಗಿ, ಕೆಂಪಗೆ ಇತ್ತು.

ಸ್ತ್ರಾತಿಸ್ ಸಹಿ ಹಾಕಿದ. ಅವನ ಉಗುರ ಸಂದಿಯಲ್ಲಿ ನೀಲಿ ಬಣ್ಣ ಹಾಗೇ ಇತ್ತು. ನಡೆದುಹೋಗಿ ಯಂತ್ರದ ಪಕ್ಕ ನಿಂತ.

“ನಿಮ್ಮಪ್ಪ ಚೆನ್ನಾಗಿ ಕಲಿಸಿದಾನೆ ಕಣೋ.”

ಇಗ್ನಾತಿಸ್ ತಲೆಯೆತ್ತಲಿಲ್ಲ. ಹಿಡಿಕೆಯ ಮೇಲಿಟ್ಟ ಕೈಗಳನ್ನೇ ನೋಡುತ್ತಾ ಕುಳಿತಿದ್ದ. ಅಧಿಕಾರಿ ಮುಂದಿನ ದೋಣಿಯ ಹೆಸರು ಕೂಗಿದ.