ಮನಿ ಸೋರಾಕತ್ತೈತ್ರಿ

ನಾನು ತಾಳಿಕೋಟೆಯ ಗಣಿಯಲ್ಲಿ ಹುಟ್ಟಿದ ಒಂದು ಪರಸಿ ಕಲ್ಲು. ಉಳಿಯೇಟು ತಿಂದು ಚೌಕವಾಗಿ, ಎತ್ತಿನ ಗಾಡಿಯಲ್ಲಿ ಊರೊಳಗೆ ಬಂದು, ಮಣ್ಣಿನ ಚಾವಣಿಯ ಒಂದು ಮಾಳಿಗೆ ಮನೆಯ ನೆಲವಾದೆ. ನೆಲವಾದವರಿಗೆ ಮನುಷ್ಯರ ಮುಖಕ್ಕಿಂತ ಮೊದಲು ಪಾದ ಕಾಣುತ್ತದೆ.

ಆ ಮನೆಯಲ್ಲಿ ಬಾಡಿಗೆಗಿದ್ದವಳು ನೀಲಗಂಗವ್ವ. ಜೋಳದ ರೊಟ್ಟಿ ಬಡಿದು ಮಾರಿ ಹೊಟ್ಟೆ ಹೊರೆಯುತ್ತಿದ್ದಳು. ಹಳೆಯ ಮಾಲೀಕ ಮನೆ ಮಾರಿದ. ಕೊಂಡವನು ಮೈಸೂರಿನ ಭಾನುಪ್ರಸಾದ. ಅವನ ಪಾದ ಮಾತ್ರ ನನಗೆ ಕಾಣಲೇ ಇಲ್ಲ. "ಉತ್ತರದ ಸಣ್ಣ ಊರುಗಳಲ್ಲಿ ಮನೆ ಅಗ್ಗ, ಕೊಂಡು ಬಾಡಿಗೆಗೆ ಬಿಡಿ, ಕೂತು ಉಣ್ಣಿ" ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರಂತೆ. ಪುಣ್ಯಾತ್ಮ ಕೂತಲ್ಲೇ ಕೂತು ನಮ್ಮೂರಲ್ಲಿ ಮೂರು ಮನೆ ಕೊಂಡ. ಎತ್ತು ಕೊಳ್ಳುವವನೂ ಒಮ್ಮೆ ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಇವನು ಅಷ್ಟೂ ಮಾಡಲಿಲ್ಲ.

ಮಳೆಗಾಲ ಬಂತು. ಮಾಳಿಗೆ ಸೋರಿ ಒಲೆ ಆರಿತು, ಹಿಟ್ಟು ನೆನೆಯಿತು. ಹಿಟ್ಟು ಹೋದರೆ ಅವಳ ಬದುಕೇ ಹೋದಂತೆ. ಫೋನನ್ನು ನನ್ನ ಮೇಲಿಟ್ಟು ಕೂಗಿದಳು: "ಸಾಹೇಬ್ರ, ಮನಿ ಸೋರಾಕತ್ತೈತ್ರಿ!"

ಆ ಕಡೆ ಭಾನುಪ್ರಸಾದನ ಜೀವ ಬಾಯಿಗೆ ಬಂತು. "ಮನಿನಾ? ಎಷ್ಟು ಹೋಯ್ತು? ಯಾವ ಅಕೌಂಟಿಂದ?"

"ಅಕೌಂಟ್ ಅಲ್ರೀ, ಮನಿ! ಮಾಳಿಗಿ!"

"ಓ, ಮನೆನಾ? ಅಷ್ಟೇನಾ? ಹೆದರಿಸ್ಬಿಟ್ರಲ್ಲಮ್ಮ!"

ಥೂ ಇವನ!

ಮಾಳಿಗೆ ರಿಪೇರಿಯಾಗಲಿಲ್ಲ. ಬದಲಿಗೆ ನಮ್ಮನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸಿದ. ಬಾಡಿಗೆ ಜಾಹೀರಾತಿನ ಫೋಟೋದಲ್ಲಿ ನೆಲ ಕಾಣುತ್ತದೆ, ಸೋರುವುದು ಕಾಣುವುದಿಲ್ಲವಲ್ಲ! ಅದರ ಮೇಲೆ ಬಾಡಿಗೆಯನ್ನೂ ಏರಿಸಿದ. ನೀಲಗಂಗವ್ವ ಮನೆ ಬಿಟ್ಟಳು. ಬೀದಿಗೆಸೆದ ಕಲ್ಲುಗಳಲ್ಲಿ ನನ್ನೊಬ್ಬನನ್ನು ಎತ್ತಿಕೊಂಡು ಹೋಗಿ, ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಖಾನಾವಳಿ ತೆರೆದಳು. ಈಗ ನಾನು ರೊಟ್ಟಿ ಬಡಿಯುವ ಕಲ್ಲು. ವಯಸ್ಸಾಗಿದೆ, ಮೂಲೆ ಮುಕ್ಕಾಗಿದೆ. ಕಾಲ ಕೆಳಗಿದ್ದವನು ಕೈಯ ಕೆಳಗೆ ಬಂದೆನೆಂಬ ಜಂಬ ಮಾತ್ರ ಇದೆ.

ಮೂರೂ ಮನೆ ಖಾಲಿ ಬಿದ್ದಾಗ ಭಾನುಪ್ರಸಾದ ಖುದ್ದಾಗಿ ಬಂದ. ನಮ್ಮ ಖಾನಾವಳಿಯಲ್ಲೇ ಕೂತು ರೊಟ್ಟಿ ಮುರಿಯುತ್ತ, "ನೀಲಗಂಗಮ್ಮ, ಬಾಡಿಗೆ ಕಮ್ಮಿ ಮಾಡ್ತೀನಿ, ವಾಪಸ್ ಬನ್ನಿ" ಎಂದ.

"ಮಾಳಿಗಿ ಸೋರೋದು ನಿಂತೈತೇನ್ರಿ?"

"ಅದನ್ನ ಮುಂದಿನ ವರ್ಷ ನೋಡೋಣ."

"ಹಂಗಾರ ಇವತ್ತ ನೀವ ಅಲ್ಲಿ ಮಲಗಿ ನೋಡ್ರಿ" ಎಂದಳು ನೀಲಗಂಗವ್ವ, ಬಡಿಯುವ ಕೈ ನಿಲ್ಲಿಸದೆ.

ಹೊರಗೆ ಮೋಡ ಕವಿದಿತ್ತು. ಮೂರು ಮನೆಗಳ ಧಣಿ ಆಕಾಶ ನೋಡಿದ, ಕೈ ತೊಳೆದ, ಮೆತ್ತಗೆ ಕೇಳಿದ: "ಇಲ್ಲಿ ಒಳ್ಳೆ ಲಾಡ್ಜ್ ಎಲ್ಲಿದೆಯಮ್ಮ?"

ಉಗಿಯಲು ನನಗೆ ಬಾಯಿಲ್ಲದ್ದು ಅವನ ಪುಣ್ಯ.