ಮನೆಯವರಿಗೆ ರಿಯಾಯಿತಿ

ವಕೀಲರಿಲ್ಲದೆ ಮೇಲ್ಮನವಿ ಗೆದ್ದದ್ದೇ ತಡ, ಟೈಲರಮ್ಮ ಓಣಿಯವರ ಬಾಯಲ್ಲಿ ವಕೀಲಮ್ಮ ಆಗಿಬಿಟ್ಟಳು. ಅಂಗಿಗೆ ಗುಂಡಿ ಹಾಕಿಸಲು ಬಂದವರೂ ಬಾಡಿಗೆ ಮನೆಯ ತಕರಾರು ಕೇಳಿಕೊಂಡು ಹೋಗುತ್ತಿದ್ದರು. ಮಗಳು ಅಮ್ಮನ ಬಳಿಯೇ ಇರಲಿ ಎಂದು ಕೌಟುಂಬಿಕ ನ್ಯಾಯಾಲಯ ಹೇಳಿತ್ತು. ಮಾಜಿ ಗಂಡ ಅದನ್ನೊಪ್ಪದೆ ಮೇಲಿನ ಕೋರ್ಟಿಗೆ ಹೋಗಿ, ಅಲ್ಲೂ ಮುಖಭಂಗ ಮಾಡಿಕೊಂಡು ಬಂದಿದ್ದ. ಈಗ ಉಳಿದಿದ್ದದ್ದು ಅವನಿಂದ ಖರ್ಚು ವಸೂಲಿ ಮಾಡುವ ಅರ್ಜಿ.

ಕೋರ್ಟ್ ಫೀಸು, ಜೆರಾಕ್ಸು, ಬಸ್ ಚಾರ್ಜಿಗೆಲ್ಲ ಅವನ ತಕರಾರಿರಲಿಲ್ಲ. ಆದರೆ ಹೊಲಿಗೆ ಮಿಷನ್ ನಿಲ್ಲಿಸಿ ಅವನ ಮೇಲ್ಮನವಿಗೆ ಉತ್ತರ ಬರೆಯಲು ಕೂತ ಗಂಟೆಗಳಿಗೂ ಅವಳು ದರ ಹಾಕಿದ್ದಳು. ಅದು ನಿಜವಾದ ಕೆಲಸವೆಂದು ನ್ಯಾಯಾಧೀಶರಿಗೆ ಮನದಟ್ಟಾದರೆ ಮಾತ್ರ ಸಿಗುತ್ತಿತ್ತು. ಮನೇಲಿ ಕೂತಿರೋಳಿಗೆ ಅದೆಂಥ ಕೆಲಸ ಎಂಬುದು ಅವನ ವಾದ. ಮದುವೆಯಾದಂದಿನಿಂದಲೂ ಅವನದು ಅದೇ ರಾಗ. ಮನೆ ಬಾಡಿಗೆ ಹೋಗುತ್ತಿದ್ದದ್ದೇ ಅಡುಗೆಮನೆ ಮೂಲೆಯ ಆ ಮಿಷನ್ನಿನಿಂದ, ಆದರೂ ಅವನ ಲೆಕ್ಕದಲ್ಲಿ ಅವಳು ಸುಮ್ಮನೆ ಕೂತಿದ್ದಳು. ನಿಂತುಕೊಂಡು ಹೊಲಿದಿದ್ದರೆ ಒಪ್ಪುತ್ತಿದ್ದನೋ ಏನೋ. ದುಡ್ಡು ಬರದಿದ್ದರೆ ಅವಳು ಹೇಗೋ ಸಹಿಸಿಕೊಳ್ಳುತ್ತಿದ್ದಳು. ತಾನು ಮಾಡಿದ್ದು ಕೆಲಸ ಎಂದು ಅವನೆದುರಿಗೆ ಯಾರಾದರೂ ಹೇಳಲಿ ಎಂಬುದೇ ಅವಳ ಆಸೆ.

ವಿಚಾರಣೆಯ ದಿನ ಧೈರ್ಯ ಹೇಳಲು ಅಕ್ಕ ಜೊತೆಗೆ ಬಂದಳು. ದಾರಿಯುದ್ದಕ್ಕೂ ಹೆದರಿಸುವುದರಲ್ಲೇ ಅವಳ ಹೊತ್ತು ಕಳೆಯಿತು. ಕೋರ್ಟಿನಲ್ಲಿ ನ್ಯಾಯಾಧೀಶೆ ಅವಳು ಅರ್ಜಿಯ ಜೊತೆ ಬರೆದುಕೊಟ್ಟಿದ್ದ ಖರ್ಚಿನ ಬಿಲ್ಲು ಓದುತ್ತಾ ಕೊನೆಯ ಸಾಲಿಗೆ ಬಂದವರು ಕನ್ನಡಕ ಸರಿಮಾಡಿಕೊಂಡರು.

“ಇದೇನಮ್ಮ? ‘ಮನೆಯವರಿಗೆ ರಿಯಾಯಿತಿ, ಕಾಲು ಭಾಗ’ ಅಂತ ಬರೆದಿದೀರಲ್ಲ?”

ಟೈಲರಮ್ಮನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ನೆಂಟರಿಗೆ ಹೊಲಿದಾಗಲೆಲ್ಲ ಬಿಲ್ಲಿನ ಕೆಳಗೆ ಆ ಸಾಲು ಬರೆಯುವುದು ಅವಳ ಪದ್ಧತಿ. ಮೇಲೆ ಗಂಡನ ಹೆಸರು ಇದ್ದದ್ದರಿಂದ ಕೈ ತನ್ನ ಪಾಡಿಗೆ ಬರೆದುಬಿಟ್ಟಿತ್ತು. ಅಕ್ಕ ಹಣೆ ಚಚ್ಚಿಕೊಂಡಳು. ಎದುರು ವಕೀಲರನ್ನು ಕೇಳಬೇಕೆ? ಇಷ್ಟು ಸಲೀಸಾಗಿ ಕಾಲು ಭಾಗ ಬಿಡಬಹುದಾದರೆ ಅದು ಕೆಲಸದ ದರವೇ ಅಲ್ಲ, ಬಾಯಿಗೆ ಬಂದ ಅಂಕಿ ಎಂದು ಅವರು ಪಟ್ಟು ಹಿಡಿದರು. ಮಾಜಿ ಗಂಡ ಮೀಸೆಯಡಿಯಲ್ಲೇ ನಕ್ಕ.

ನ್ಯಾಯಾಧೀಶೆ ಅವಳ ಕಡೆ ತಿರುಗಿದರು. ಬಾಯಿಪಾಠ ಮಾಡಿಕೊಂಡು ಬಂದಿದ್ದ ಕಾನೂನೆಲ್ಲ ಸರಿಯಾದ ಹೊತ್ತಿಗೇ ಕೈಕೊಟ್ಟಿತು.

“ಮೇಡಂ, ಇವರ ಅಂಗಿ, ಪ್ಯಾಂಟು, ಇವರ ಅಣ್ಣತಮ್ಮಂದಿರದ್ದು, ಎಲ್ಲ ನಾನೇ ಹೊಲಿದಿದ್ದು. ಕಾಲು ಭಾಗ ಏನು, ಪೂರ್ತಿ ಬಿಟ್ಟಿದೀನಿ. ನಾನು ದುಡ್ಡು ಕೇಳ್ಲಿಲ್ಲ ಅಂತ ಅದು ಕೆಲಸಾನೇ ಅಲ್ಲ ಅಂದ್ಕೊಂಡ್ಬಿಟ್ರು ಇವರು.”

ಮಾಜಿ ಗಂಡನ ಕೈ ತಾನಾಗಿ ಕಾಲರಿಗೆ ಹೋಯಿತು. ತೊಟ್ಟು ಬಂದಿದ್ದ ಅಂಗಿಯೂ ಅವಳು ಹೊಲಿದದ್ದೇ. ನಗು ಎಲ್ಲಿ ಹೋಯಿತೋ, ತಲೆ ತಗ್ಗಿಸಿಕೊಂಡ. ವಕೀಲರು ಮತ್ತೇನೋ ಹೇಳಹೊರಟರು. ಸಾಕು, ಕೂತುಕೊಳ್ಳಿ ಎಂದರು ನ್ಯಾಯಾಧೀಶೆ. ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡುವಂತೆ ಟೈಲರಮ್ಮನಿಗೆ ಹೇಳಿದರು. ಎಂಥ ಬೆಲೆಬಾಳುವ ಬಟ್ಟೆಗೂ ಅಳುಕದೆ ಕತ್ತರಿ ಹಾಕುತ್ತಿದ್ದವಳು ಒಂದು ಗೆರೆ ಎಳೆಯಲು ತಿಣುಕಾಡಿದಳು.

“ಅರ್ಜಿದಾರರು ಮಾಡಿದ ಕೆಲಸಕ್ಕೆ ಪೂರ್ತಿ ದರ,” ಎಂದು ನ್ಯಾಯಾಧೀಶೆ ಎಲ್ಲರಿಗೂ ಕೇಳುವಂತೆ ಹೇಳಿ ಬರೆಸಿದರು.

ಮಗಳು ನಿನ್ನ ಬಳಿಯೇ ಇರುತ್ತಾಳೆ ಎಂದ ದಿನವೂ ಕಣ್ಣೀರು ಹಾಕದಿದ್ದ ಟೈಲರಮ್ಮ, ಎದುರಾಳಿಗಳೆಲ್ಲ ನೋಡುತ್ತಿದ್ದಂತೆಯೇ ಗಳಗಳನೆ ಅತ್ತುಬಿಟ್ಟಳು.