ಎರಡನೇ ಮನೆಯ ಪುಸ್ತಕ

ನನ್ನ ಬಾಯಿ ಒಳ್ಳೆಯದಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೆಮ್ಲಾಕ್ ಹಳ್ಳ ಅನ್ನುವ ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ನಿಮಗೆ ಅದೇ ಉತ್ತರ ಸಿಗುತ್ತದೆ. "ಡ್ರೀಮಾನಾ? ಕೆಲಸದಲ್ಲಿ ಎತ್ತಿದ ಕೈ, ಬಾಯಿಗೆ ಮಾತ್ರ ಹೆದರಬೇಕು" ಅನ್ನುತ್ತಾರೆ. ಅನ್ನಲಿ. ಮೇಲಿನ ಕಾಡಿನಲ್ಲಿರುವ ಮೂರು ದಿಮ್ಮಿ ಮನೆಗಳನ್ನು ಹತ್ತೊಂಬತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಬಂದವರು ನನ್ನ ಬಾಯಿಯನ್ನು ಬೈದುಕೊಂಡರೂ ನನ್ನ ಒಲೆಯನ್ನು ಬೈದಿಲ್ಲ.

ಆ ಮನೆಗಳನ್ನು ಕಟ್ಟಿದ್ದು ನಮ್ಮಜ್ಜನ ಕಾಲದ ಹುಡುಗರು. ದೇಶದಲ್ಲೆಲ್ಲೂ ಕೆಲಸವಿಲ್ಲದ ವರ್ಷಗಳಲ್ಲಿ ಸರ್ಕಾರದ ಕೂಲಿಗೆ ಬಂದು, ಚೆಸ್ಟ್‌ನಟ್ ಮರ ಕಡಿದು, ಒಂದು ಮೊಳೆಯೂ ಹೊಡೆಯದೆ ದಿಮ್ಮಿಗೆ ದಿಮ್ಮಿ ಕೂರಿಸಿದರು. ಆ ಮರಗಳಿಗೆ ರೋಗ ಬಂತು, ಈಗ ಬೆಟ್ಟದಲ್ಲಿ ಹುಡುಕಿದರೂ ದೊಡ್ಡದೊಂದು ಸಿಗುವುದಿಲ್ಲ. ಮನೆಗಳು ಮಾತ್ರ ಇವೆ. ಕರೆಂಟಿಲ್ಲ, ನಲ್ಲಿಯಿಲ್ಲ, ಫೋನು ಹಿಡಿಯುವುದಿಲ್ಲ. ಇಷ್ಟೆಲ್ಲ ಇಲ್ಲಗಳಿಗಾಗಿಯೇ ಪೇಟೆಯವರು ಆರು ತಿಂಗಳು ಮೊದಲು ಹೆಸರು ಬರೆಸಿ ಬರುತ್ತಾರೆ!

ನಮ್ಮಲ್ಲೊಂದು ಪದ್ಧತಿ ಇದೆ. ಬೆಟ್ಟದ ಮನೆ ಬಿಟ್ಟು ಹೋಗುವವರು ಮುಂದೆ ಬರುವವರಿಗೆ ಒಲೆ ಜೋಡಿಸಿಟ್ಟು ಹೋಗಬೇಕು. ಅಡಿಯಲ್ಲಿ ಮುದುರಿದ ಕಾಗದ, ಅದರ ಮೇಲೆ ಸಣ್ಣ ಸಿಬಿರು, ಆಮೇಲೆ ಬೆರಳು ದಪ್ಪದ ಪುಳ್ಳೆ, ಮೇಲೆ ಸೀಳಿದ ಓಕ್ ಸೌದೆ. ಬರುವವರು ಯಾರೋ ಏನೋ, ಮಂಜಿನಲ್ಲಿ ನೆನೆದು ಕೈ ಮರಗಟ್ಟಿ ಬಂದಿರುತ್ತಾರೆ. ಒಂದೇ ಕಡ್ಡಿ ಗೀರಿದರೆ ಬೆಂಕಿ ಏಳಬೇಕು. ಪೇಟೆಯವರಿಗೆ ಇದೆಲ್ಲಿ ಬರಬೇಕು? ಅವರು ಜೋಡಿಸಿದ್ದನ್ನು ಬಿಚ್ಚಿ ನಾನೇ ಮತ್ತೆ ಜೋಡಿಸುತ್ತೇನೆ. ನನ್ನ ಒಲೆ ಎರಡನೇ ಕಡ್ಡಿ ಕೇಳಿದ್ದಿಲ್ಲ. ಈ ಒಂದು ವಿಷಯದಲ್ಲಿ ನನಗೆ ಜಂಬ ಇತ್ತು.

ಈ ವರ್ಷ ಕಾಗದಕ್ಕೆ ತೊಂದರೆಯಾಯಿತು. ನಮ್ಮ ಕಣಿವೆಗೆ ಬರುತ್ತಿದ್ದ ವಾರಪತ್ರಿಕೆ ವಸಂತದಲ್ಲಿ ನಿಂತುಹೋಯಿತು. ಅಂಚೆಯಲ್ಲಿ ಬರುವ ನುಣುಪು ಜಾಹೀರಾತುಗಳು ಹೊಗೆಯಾಡುತ್ತವೆ, ಹೊತ್ತಿಕೊಳ್ಳುವುದಿಲ್ಲ. ಸೌದೆ ಕೊಟ್ಟಿಗೆಯಲ್ಲಿ ಒಂದು ಹಳೆಯ ಹಂದಿಕೊಬ್ಬಿನ ಡಬ್ಬ ಇತ್ತು, ಅದರ ತುಂಬ ನೋಟುಪುಸ್ತಕಗಳು. ಪ್ರತಿ ಮನೆಯಲ್ಲೂ ಒಂದು ಪುಸ್ತಕ ಇಟ್ಟಿರುತ್ತೇವೆ, ಬಂದವರು ಏನಾದರೂ ಬರೆದು ಹೋಗುತ್ತಾರೆ. ತುಂಬಿದ ಮೇಲೆ ಅದು ಡಬ್ಬಕ್ಕೆ. ಇವನ್ನು ತಗೊಂಡು ಹೋಗಲು ಯಾರಾದರೂ ಬರುತ್ತಾರೆ ಅಂತ ಕಾದೆ, ಯಾರೂ ಬರಲಿಲ್ಲ. ಇಲಿಗಳು ಬಂದವು. 'ಟ್ರೌಟ್ ಮೀನು ಮೂರು ಸಿಕ್ಕವು', 'ಕರಡಿ ನೋಡಿದೆವು', 'ಇಲಿ ಕಾಟ' ಅಂತ ಬರೆದಿದ್ದನ್ನು ಕಾಪಾಡಿ ಏನಾಗಬೇಕು ಅಂದುಕೊಂಡೆ. ಒಣ ಕಾಗದ, ಚೆನ್ನಾಗಿ ಹೊತ್ತಿಕೊಳ್ಳುತ್ತದೆ. ಬೇಸಿಗೆ ಕಳೆದಾಗಿನಿಂದ ಹರಿದು ಹರಿದು ಒಲೆಗೆ ಇಡತೊಡಗಿದೆ.

ನವೆಂಬರ್ ಎಂಟನೇ ತಾರೀಖು, ಮಂಗಳವಾರ, ಎರಡನೇ ಮನೆಯ ಒಲೆ ಜೋಡಿಸುತ್ತಿದ್ದೆ. ಹರಿಯುವ ಮೊದಲು ಒಂದೆರಡು ಸಾಲು ಓದುವ ಚಟ ನನಗೆ. ಆ ಹಾಳೆ ತುಂಬ ಬಡಗಿಯ ದಪ್ಪ ಪೆನ್ಸಿಲಿನಲ್ಲಿ ಬರೆದಿತ್ತು, ಎಲ್ಲವೂ ದೊಡ್ಡ ಅಕ್ಷರ, ಎರಡೂ ಬದಿಗೆ. ಮೊದಲನೇ ಸಾಲೇ ನನ್ನ ಬಗ್ಗೆ: 'ಇಲ್ಲಿ ನೋಡ್ಕೊಳ್ಳೋ ಹೆಂಗಸು ಥೇಟ್ ನಮ್ಮಮ್ಮನ ಹಾಗೆ ಬೈತಾಳೆ.' ನನಗೆ ಮೈಯೆಲ್ಲ ಉರಿಯಿತು. ಇವರಿಗೆ ಸೌದೆ ಹೊತ್ತು ಹಾಕಿ, ನೀರು ಹೊತ್ತು ಹಾಕಿ, ಕೊನೆಗೆ ಇದಾ ಮರ್ಯಾದೆ? ಮುದುರಿ ಎಲ್ಲದಕ್ಕಿಂತ ಅಡಿಗೆ ತುರುಕಿದೆ. ಹೆಬ್ಬೆರಳಿಗೆ ಪೆನ್ಸಿಲಿನ ಕಪ್ಪು ಹತ್ತಿತು, ಲಂಗಕ್ಕೆ ಒರೆಸಿಕೊಂಡೆ.

ಬುಧವಾರ ಸಂಜೆ ಬರಬೇಕಾಗಿದ್ದವರ ಹೆಸರು ಲೊರೀನ್ ಮೆಡೋಸ್. ಫೋನು ಮಾಡಿದ್ದಾಗ ಆಕೆ ಕೇಳಿದ್ದು ಎರಡೇ: ಎರಡನೇ ಮನೆಯೇ ಬೇಕು, ಒಂಬತ್ತನೇ ತಾರೀಖೇ ಬೇಕು. "ಒಲೆ ಜೋಡ್ಸಿಟ್ಟಿರ್ತೀನಿ. ಒಂದೇ ಕಡ್ಡಿ ಗೀರಿ ಸಾಕು, ಎರಡ್ನೇದು ಬೇಕಾದ್ರೆ ನನ್ನ ಹೆಸರು ಬದಲಾಯ್ಸಿ" ಅಂದಿದ್ದೆ. ಆಕೆ ನಕ್ಕಿದ್ದಳು.

ಗುರುವಾರ ಬೆಳಿಗ್ಗೆ ಬಿಸ್ಕತ್ತು ಬೇಯಿಸಿ, ಒಂದು ಜಾಡಿ ಸೇಬಿನ ಗೊಜ್ಜು, ಹಾಲು ತಗೊಂಡು ಮೇಲೆ ಹೋದೆ. ಬಾಗಿಲು ತೆಗೆದವಳಿಗೆ ಹತ್ತಿರ ಹತ್ತಿರ ನನ್ನದೇ ವಯಸ್ಸು, ಅರವತ್ತರ ಮೇಲೆ. ಗಂಡಸರ ಕೋಟು ಹಾಕಿಕೊಂಡಿದ್ದಳು, ತೋಳು ಎರಡು ಸಲ ಮಡಚಿತ್ತು.

"ಒಲೆ ಹೊತ್ತಿತಾ?" ಅಂದೆ, ಉತ್ತರ ಗೊತ್ತಿದ್ದೂ.

"ಒಂದೇ ಕಡ್ಡಿಗೆ. ನಿಮ್ಮ ಹೆಸರು ಉಳೀತು ಬಿಡಿ."

ಉಬ್ಬಿಹೋದೆ. ಕಾಫಿಗೆ ಕೂರಿಸಿದಳು. ಮೇಜಿನ ಮೇಲೆ ಮನೆಯ ಪುಸ್ತಕ ತೆರೆದಿತ್ತು.

"ಇದ್ರಲ್ಲಿ ಹೋದ ವರ್ಷದಿಂದ ಈಚೆಗಿನದು ಮಾತ್ರ ಇದೆ. ಹಳೇ ಪುಸ್ತಕಗಳು ಎಲ್ಲಿವೆ, ಡ್ರೀಮಾ ಅವ್ರೇ?"

"ಹಳೇದು ಯಾಕೆ? ಇಲಿ ಕಥೆ ಓದೋಕಾ?"

ಆಕೆ ನಗಲಿಲ್ಲ. "ಆರು ವರ್ಷದ ಹಿಂದೆ ನನ್ನ ಮಗ ಇಲ್ಲಿ ಮೂರು ರಾತ್ರಿ ಇದ್ದ. ಇದೇ ತಾರೀಖು. ಗ್ಯಾರೆಟ್ ಅಂತ."

ನನಗೆ ನೆನಪಾಗಲಿಲ್ಲ. ವರ್ಷಕ್ಕೆ ಇನ್ನೂರು ಜನ ಬಂದು ಹೋಗುತ್ತಾರೆ. ಮೆಲ್ಲಗೆ ತಾನೇ ಹೇಳಿದಳು. ಅವಳ ಗಂಡ ತೀರಿಕೊಂಡಿದ್ದು ಆ ನವೆಂಬರ್‌ನಲ್ಲಿ. ನಮ್ಮ ಕಡೆ ಹೆಣವನ್ನು ರಾತ್ರಿ ಒಂಟಿ ಬಿಡುವುದಿಲ್ಲ, ಮನೆಯವರು ಸರದಿಯ ಮೇಲೆ ಜೊತೆಗೆ ಕೂರಬೇಕು. ಗ್ಯಾರೆಟ್ ಅಪ್ಪನ ಪಕ್ಕ ಹತ್ತು ನಿಮಿಷ ಕೂತವನು ಎದ್ದು ಹೊರಗೆ ಹೋದ, ಬೆಳಗಿನವರೆಗೆ ವಾಪಸು ಬರಲಿಲ್ಲ. ಹೊಳೆಯ ದಡದಲ್ಲಿ ಕೂತಿದ್ದನಂತೆ.

"ಮಣ್ಣು ಮಾಡಿ ಬಂದ ಮೇಲೆ, ಜಗಲೀಲಿ ನೆಂಟರೆಲ್ಲ ನಿಂತಿದ್ರು, ಅವ್ರೆದುರಿಗೇ ಅಂದ್ಬಿಟ್ಟೆ. 'ನಿಮ್ಮಪ್ಪನ ಜೊತೆ ಒಂದು ರಾತ್ರಿ ಕೂರೋಕಾಗ್ಲಿಲ್ವಲ್ಲ ನಿನಗೆ, ಹೋಗು, ನಿನ್ನ ಮುಖ ನೋಡೋಲ್ಲ ನಾನು' ಅಂತ. ಹೋದ. ಉಟ್ಟ ಬಟ್ಟೇಲಿ ಹೋದ."

"ಇಲ್ಲಿಗೆ ಬಂದನಾ?"

"ಇಲ್ಲಿಗೇ. ಚಿಕ್ಕವನಿದ್ದಾಗ ಅವರಪ್ಪ ಮೀನು ಹಿಡಿಯೋಕೆ ಕರ್ಕೊಂಡು ಬರ್ತಿದ್ದ ಮನೆ ಇದು. ಆಮೇಲೆ ನದೀಲಿ ಕಲ್ಲಿದ್ದಲು ಸಾಗಿಸೋ ದೋಣಿ ಕೆಲಸಕ್ಕೆ ಸೇರ್ಕೊಂಡನಂತೆ. ನಾನೂ ಫೋನು ಮಾಡ್ಲಿಲ್ಲ, ಅವನೂ ಮಾಡ್ಲಿಲ್ಲ. ಫೆಬ್ರುವರೀಲಿ ದೋಣಿಯಿಂದ ಕಾಲು ಜಾರಿ ಬಿದ್ದ. ಒಂಬತ್ತು ದಿನ ಆದ್ಮೇಲೆ ಸಿಕ್ಕಿದ."

ಅವಳ ಬಟ್ಟಲಿಗೆ ಮತ್ತೆ ಕಾಫಿ ಬಗ್ಗಿಸಿದೆ.

"ಈ ಆಗಸ್ಟಿನಲ್ಲಿ ಅವನ ಸ್ನೇಹಿತೆ ಒಬ್ಬಳು ಸಿಕ್ಕಿದ್ಲು. 'ಆ ಬೆಟ್ಟದ ಪುಸ್ತಕ ಓದಿದ್ರಾ ಆಂಟೀ?' ಅಂದ್ಲು. ಯಾವ ಪುಸ್ತಕ ಅಂದೆ. ಅಮ್ಮನಿಗೆ ಹೇಳ್ಬೇಕಾಗಿದ್ದೆಲ್ಲ ಅಲ್ಲಿ ಬರ್ದಿಟ್ಟಿದೀನಿ, ಕೋಪ ಇಳಿದ ಮೇಲೆ ಕರ್ಕೊಂಡು ಹೋಗಿ ಓದಿಸ್ತೀನಿ ಅಂತ ಅವಳಿಗೆ ಹೇಳಿದ್ನಂತೆ. ಆರು ವರ್ಷ ನಾನು ಗೊತ್ತಿಲ್ದೆ ಕೂತಿದ್ದೆ, ನೋಡಿ." ಬಟ್ಟಲನ್ನು ಕೆಳಗಿಟ್ಟಳು. "ಅವನು ನನ್ನ ಮೇಲೆ ಸಿಟ್ಟಲ್ಲೇ ಹೋದನಾ, ಇಲ್ಲ ಮನಸ್ಸು ತಿಳಿಯಾಗಿತ್ತಾ. ಅದೊಂದು ಗೊತ್ತಾಗ್ಬೇಕು ನನಗೆ. ಬೈದಿದ್ರೂ ಪರವಾಗಿಲ್ಲ."

"ಕೈಬರಹ ಹೇಗಿರ್ತಿತ್ತು?" ಅಂದೆ. ಯಾಕೆ ಕೇಳಿದೆನೋ.

"ಎಲ್ಲಾ ದೊಡ್ಡ ಅಕ್ಷರ. ಅವರಪ್ಪನ ಬಡಗಿ ಪೆನ್ಸಿಲು ಯಾವಾಗ್ಲೂ ಜೇಬಲ್ಲಿರ್ತಿತ್ತು."

ಹೆಬ್ಬೆರಳನ್ನು ಮತ್ತೆ ಲಂಗಕ್ಕೆ ಒರೆಸಿಕೊಂಡೆ. ಒಲೆ ನನ್ನ ಬೆನ್ನ ಹಿಂದೆಯೇ ಇತ್ತು, ಇನ್ನೂ ಬಿಸಿಯಾಗಿತ್ತು. ಎದ್ದು ನಿಂತೆ. ಸತ್ಯ ಹೇಳಬೇಕಾಗಿತ್ತು, ಹೇಳಲಿಲ್ಲ.

"ಕೊಟ್ಟಿಗೇಲಿದೆ ಡಬ್ಬ. ನೋಡೋಣ ಬನ್ನಿ. ಇಲಿ ಹಾವಳಿ ಮಾತ್ರ ಜಾಸ್ತಿ."

ಕೊಟ್ಟಿಗೆಯಲ್ಲಿ ಆಕೆ ಸೌದೆಯ ಮೇಲೆ ಕೂತು ಒಂದೊಂದೇ ಪುಸ್ತಕ ತೆಗೆದಳು. ಬೇಕಾದ ಪುಸ್ತಕ ಬೇಗನೇ ಸಿಕ್ಕಿತು. ರಟ್ಟಿನ ಮೇಲೆ ನಾನೇ ವರ್ಷ ಬರೆದಿದ್ದೆ. ತೆರೆದಳು. ಮೊದಲ ಹಾಳೆಯ ತಾರೀಖು ನವೆಂಬರ್ ಹದಿನಾಲ್ಕು. ಅದಕ್ಕೆ ಮೊದಲು, ಹೊಲಿಗೆಗೆ ಅಂಟಿಕೊಂಡ ಕಾಗದದ ಅಂಚುಗಳು ಮಾತ್ರ ಇದ್ದವು. ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಿದಳು.

"ಇಲಿ ತಿಂದಿರ್ಬೇಕು" ಅಂದೆ.

"ಹೌದೇನೋ" ಅಂದಳು. ಪುಸ್ತಕ ಮುಚ್ಚಿ, "ಮರಿ ಹಾಕೋಕೆ ಗೂಡು ಕಟ್ಕೊಂಡಿರುತ್ತೆ ಪಾಪ. ಹೋಗ್ಲಿ ಬಿಡಿ. ಯಾರದ್ದೂ ತಪ್ಪಲ್ಲ."

ಪಾಪ ಅಂದಳಲ್ಲ ಇಲಿಗೆ, ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಆಕೆ ನನ್ನನ್ನು ಅನುಮಾನಿಸಿದ್ದರೆ ನಾನು ಜಗಳವಾಡಿ ಬಚಾವಾಗುತ್ತಿದ್ದೆ. ಅದು ನನಗೆ ಬರುವ ವಿದ್ಯೆ.

"ಇಲಿಯಲ್ಲ, ಲೊರೀನ್. ನಾನು."

ತಲೆಯೆತ್ತಿ ನೋಡಿದಳು.

"ಒಲೆಗೆ ಕಾಗದ ಇರ್ಲಿಲ್ಲ. ಇದನ್ನ ಹರಿದು ಹರಿದು ಇಟ್ಟೆ. ಮೊನ್ನೆ ಮಂಗಳವಾರ ನಿಮ್ಮ ಒಲೆಗೆ ಇಟ್ಟಿದ್ದು ಬಡಗಿ ಪೆನ್ಸಿಲಿನ ಹಾಳೆ. ದೊಡ್ಡ ಅಕ್ಷರ. ಎರಡೂ ಕಡೆ ತುಂಬಿತ್ತು."

ಆಕೆಗೆ ಅರ್ಥವಾಗುವುದು ಮುಖದಲ್ಲಿ ಕಾಣಿಸಿತು. ಯಾವ ಒಲೆ, ಯಾವ ಕಡ್ಡಿ, ಯಾರ ಕೈ, ಎಲ್ಲ. ಪುಸ್ತಕವನ್ನು ಸೌದೆಯ ಮೇಲಿಟ್ಟು ಎದ್ದು ಮನೆಗೆ ನಡೆದಳು. ನಾನು ಹಿಂದೆಯೇ ಹೋದೆ. ಒಲೆಯ ಬಾಯಿ ತೆರೆದು ಮಂಡಿಯೂರಿದಳು, ಕೋಟಿನ ತೋಳನ್ನೂ ಸರಿಸದೆ ಬೂದಿಗೆ ಕೈ ಹಾಕಿದಳು. ಕೆಂಡ ಇತ್ತು. ನಾನು ಮೊಣಕೈ ಹಿಡಿದು ಎಳೆದೆ, ನೆಲದ ಮೇಲೆ ಇಬ್ಬರೂ ಕೂತುಬಿಟ್ಟೆವು. ಬಕೆಟ್ಟಿನ ತಣ್ಣೀರಲ್ಲಿ ಅವಳ ಕೈ ಅದ್ದಿಸಿ ಹಿಡಿದುಕೊಂಡೆ. ಬೈಯಲಿ ಅಂತ ಕಾದೆ.

"ಓದಿದ್ರಾ?" ಅಂದಳು ಕೊನೆಗೆ.

"ಮೊದಲ್ನೇ ಸಾಲು."

"ಏನಿತ್ತು?"

"'ಇಲ್ಲಿ ನೋಡ್ಕೊಳ್ಳೋ ಹೆಂಗಸು ಥೇಟ್ ನಮ್ಮಮ್ಮನ ಹಾಗೆ ಬೈತಾಳೆ' ಅಂತಿತ್ತು."

"ಆಮೇಲೆ?"

"ಓದ್ಲಿಲ್ಲ. ನನಗೆ ಸಿಟ್ಟು ಬಂತು. ಮುದುರಿಬಿಟ್ಟೆ." ಇಡೀ ಹಾಳೆ ಕಣ್ಣೆದುರಿಗೆ ಇತ್ತು. ನನ್ನ ಸುದ್ದಿ ಇದ್ದ ಒಂದು ಸಾಲು ಓದಿದೆ, ಒಬ್ಬ ತಾಯಿಗೆ ಬೇಕಾದ ಉಳಿದೆಲ್ಲವನ್ನೂ ಓದದೆ ತುರುಕಿದೆ. ನನ್ನಂಥ ದರಿದ್ರದವಳು ಇನ್ನೊಬ್ಬಳಿಲ್ಲ.

ಆಕೆ ಆ ಸಾಲನ್ನು ಬಾಯೊಳಗೆ ಎರಡು ಮೂರು ಸಲ ಹೇಳಿಕೊಂಡಳು. "ಸಿಟ್ಟಲ್ಲಿ ಬರ್ದಿದ್ನಾ, ತಮಾಷೆಗಾ?"

"ನಾನು ಸಿಟ್ಟು ಅಂದ್ಕೊಂಡೆ. ನನ್ನ ಬುದ್ಧಿಯೇ ಹಾಗೆ. ಗೊತ್ತಿಲ್ಲ ಲೊರೀನ್, ದೇವರಾಣೆ ಗೊತ್ತಿಲ್ಲ."

ಆಕೆ ನೀರಿನಿಂದ ಕೈ ತೆಗೆದು ನನ್ನ ಕಡೆ ತಿರುಗಿ ಕೂತಳು. "ಹಾಗಾದ್ರೆ ಬೈದು ತೋರ್ಸಿ. ಅವನಿಗೆ ಏನಂತ ಬೈದಿದ್ರಿ ನೀವು? ಕೇಳಿದ್ರೆ ನನಗೆ ಗೊತ್ತಾಗತ್ತೆ."

"ಅವನು ನೆನಪಿಲ್ವಲ್ಲ ನನಗೆ."

"ಎಲ್ರಿಗೂ ಏನಂತೀರೋ ಅದನ್ನೇ ಅನ್ನಿ. ಇಪ್ಪತ್ಮೂರು ವರ್ಷದ ಹುಡುಗ. ನವೆಂಬರ್. ಮೈಮೇಲೆ ಒಂದು ತೆಳು ಅಂಗಿ."

ಅಂಥವರಿಗೆ ನಾನು ಅನ್ನುವುದು ಒಂದೇ ಪಾಠ, ಹತ್ತೊಂಬತ್ತು ವರ್ಷದಿಂದ. ಅವಳ ಮುಖ ನೋಡಲಾಗದೆ ಬಾಗಿಲಿನ ಕಡೆ ನೋಡುತ್ತ ಶುರುಮಾಡಿದೆ.

"ಏಯ್, ಎಲ್ಲಿಗೆ ಹೊರಟೆ ಈ ವೇಷದಲ್ಲಿ? ಇದೊಂದು ಬಟ್ಟೇನಾ? ಮೇಲೆ ಹಿಮ ಬೀಳ್ತಿದೆ, ಕಣ್ಣು ಕಾಣ್ಸಲ್ವಾ ನಿನಗೆ? ಸತ್ರೆ ನಿನ್ನನ್ನ ಹೊತ್ತು ತರೋಕೆ ನನ್ನ ಸೊಂಟದಲ್ಲಿ ಶಕ್ತಿಯಿಲ್ಲ. ತಗೋ, ನನ್ನ ಗಂಡನ ಸ್ವೆಟರು, ಹಾಕ್ಕೋ. ಮುಖ ಏನು ನೋಡ್ತೀಯಾ, ಹಾಕ್ಕೋ ಅಂದೆ! ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀಯಾ? ಇಲ್ಲ. ಗೊತ್ತಿತ್ತು ನನಗೆ. ಈ ಬಿಸ್ಕತ್ತು ಜೇಬಿಗೆ ಹಾಕ್ಕೋ..."

ಆಕೆ ತಲೆಯಾಡಿಸುತ್ತಿದ್ದಳು. "ಹೌದು. ಹೌದು, ನಾನೂ ಹಾಗೇ. ಸ್ವೆಟರಿಗೆ ದಿನಾ ಜಗಳ ನಮ್ಮದು" ಅಂದಳು. ಕಣ್ಣಿಂದ ನೀರು ಇಳಿಯುತ್ತಿತ್ತು, ಮುಖ ಮಾತ್ರ ಅರಳಿತ್ತು. "ನಿಲ್ಸಬೇಡಿ."

"...ಆ ಹಳ್ಳದ ಕಲ್ಲಿನ ಮೇಲೆ ಕಾಲಿಡಬೇಡ, ಪಾಚಿ ಕಟ್ಟಿದೆ. ಮತ್ತೆ ಕೇಳು ಇಲ್ಲಿ. ಎಲ್ಲಿಗಾದ್ರೂ ಹಾಳಾಗಿ ಹೋಗು, ಕತ್ತಲಾಗೋದ್ರೊಳಗೆ ವಾಪಸ್ ಬಂದ್ಬಿಡಬೇಕು. ಬರೋವರೆಗೆ ಬಾಗಿಲು ಹಾಕಲ್ಲ ನಾನು. ತಿಳೀತಾ?"

ಮುಗಿಯಿತು. ಅಷ್ಟೇ ನನ್ನ ಪಾಠ. ತಿರುಗಿ ನೋಡಿದರೆ ಅವಳ ತಲೆ ಆಡುವುದು ನಿಂತಿತ್ತು.

"ಇದು ಎಲ್ರಿಗೂ ಹೇಳ್ತೀರಾ? ಕೊನೇದು?"

"ಎಲ್ರಿಗೂ."

"ಅವನಿಗೂ ಹೇಳಿರ್ತೀರಿ."

"ಹೇಳಿರ್ತೀನಿ."

ಆಕೆ ಸುಟ್ಟ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಬಾಗಿಲಿನ ಕಡೆ ತಿರುಗಿದಳು.

"ಇದೊಂದು ನಾನು ಹೇಳಿರ್ಲಿಲ್ಲ, ಡ್ರೀಮಾ" ಅಂದಳು. "ವಾಪಸ್ ಬಾ ಅಂತ."